ಚಾಚಾ ತಿದ್ದಿದ ಒಂದು ಮಾತು

ಮಾಟುಂಗದ ನಮ್ಮ ಬಿಲ್ಡಿಂಗಿನ ಕೆಳಗೆ ಮೊನ್ನೆ ಫುಟ್‌ಪಾತಿನ ಕೆಲಸ ನಡೆಯುತ್ತಿತ್ತು. ಒಬ್ಬ ಮಿಷನ್ ಹಿಡಿದು ಕಲ್ಲು ಕೊಯ್ಯುತ್ತಿದ್ದ, ಇನ್ನೊಬ್ಬ ಪಕ್ಕದಲ್ಲಿ ನಿಂತು ಅದರ ಮೇಲೆ ನೀರು ಬಿಡುತ್ತಿದ್ದ. ಒದ್ದೆ ಕಲ್ಲುಪುಡಿಯ ವಾಸನೆ ಎರಡನೇ ಮಹಡಿಯ ಅಡುಗೆಮನೆಗೂ ಬಂತು. ಧೂಳು ಬರುತ್ತದೆಂದು ಸೊಸೆ ಕಿಟಕಿ ಹಾಕಿದಳು. ನಾನು ತೆಗೆಸಿದೆ. ಮುದುಕಿಗೆ ಏನೋ ಹುಚ್ಚು ಎಂದುಕೊಂಡಿರಬೇಕು. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಎಪ್ಪತ್ತೊಂದನೇ ಇಸವಿಯ ಮಲಾಡ್ ನೆನಪಾಗುತ್ತದೆ, ಮಲಾಡ್ ನೆನಪಾದರೆ ರಹೀಮ್ ಚಾಚಾ ನೆನಪಾಗುತ್ತಾರೆ, ಆಮೇಲೆ ಆ ದಿನ ಯಾವ ಕೆಲಸವೂ ನನ್ನ ಕೈಲಿ ನೆಟ್ಟಗೆ ಆಗುವುದಿಲ್ಲ.

ಮದುವೆಯಾಗಿ ಮೈಸೂರಿನಿಂದ ಬಂದ ನಾನು ಮೊದಲು ಸಂಸಾರ ಹೂಡಿದ್ದು ಇದೇ ಮಾಟುಂಗದಲ್ಲಿ, ಭಾವನವರ ಮನೆಯ ಒಂದು ಕೋಣೆಯಲ್ಲಿ. ಇವರಿಗೆ ಫೋರ್ಟಿನಲ್ಲಿ ವಿಮಾ ಕಚೇರಿಯ ಕೆಲಸ. ಮಲಾಡಿನ ಪೂರ್ವಕ್ಕೆ ಸೊಸೈಟಿಯಲ್ಲಿ ಮನೆ ಸಿಕ್ಕಿತೆಂದಾಗ ಓರಗಿತ್ತಿ, ಕಾಡಿಗೆ ಹೋಗಿ ಏನು ಮಾಡ್ತೀಯೆ ಎಂದು ಕೇಳಿದ್ದಳು. ಅವಳದು ಪೂರ್ತಿ ಸುಳ್ಳೂ ಅಲ್ಲ. ಸ್ಟೇಷನ್ನಿನಿಂದ ಮಾರ್ಕೆಟ್ ದಾಟಿದರೆ ನಮ್ಮ ಸೊಸೈಟಿ, ಅದರಾಚೆ ಮರಾಠಿಗರ ಚಾಳುಗಳು, ಅದರಾಚೆ ರಹೀಮ್ ಚಾಚಾನ ಬೇಕರಿ ಮತ್ತು ಮುಸಲ್ಮಾನರ ವಾಡಿ, ಅಲ್ಲಿಂದ ಮುಂದೆ ಬರೀ ಕಲ್ಲಿನ ಕ್ವಾರಿ. ಮಧ್ಯಾಹ್ನ ಮದ್ದು ಸಿಡಿಸಿದರೆ ನಮ್ಮ ಮನೆಯ ಪಾತ್ರೆಗಳು ಶೆಲ್ಫಿನ ಮೇಲೆ ಗಲಗಲ ಎನ್ನುತ್ತಿದ್ದವು. ಆಮೇಲೆ ಸ್ವಲ್ಪ ಹೊತ್ತು ಎಲ್ಲದರ ಮೇಲೂ ಬೂದುಬಣ್ಣದ ಪುಡಿ ಇಳಿಯುತ್ತಿತ್ತು, ಒಣಹಾಕಿದ ಸೀರೆಯ ಮೇಲೂ.

ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದವರೆಲ್ಲ ವಿಜಾಪುರದ ಕಡೆಯ ಒಡ್ಡರು. ತರಕಾರಿ ಕೊಳ್ಳುವಾಗ ಅವರ ಹೆಂಗಸರ ಮಾತು ಕಿವಿಗೆ ಬಿದ್ದು, ಆಹಾ ಕನ್ನಡ ಎಂದು ನಾನು ಖುಷಿಯಿಂದ ಮಾತಾಡಿಸಿದರೆ ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನೀವು ರೇಡಿಯೋದಾಗ ಮಾತಾಡಿದಂಗ ಮಾತಾಡ್ತೀರಿ ಅಕ್ಕಾರ, ಎಂದರು. ಅವರು ಹೇಳಿದ್ದರಲ್ಲಿ ನನಗೂ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ನಮ್ಮ ಸೊಸೈಟಿಯವರ ಲೆಕ್ಕದಲ್ಲಿ ಅವರೂ ನಾನೂ ಒಂದೇ ಭಾಷೆಯವರು. ಹಾಗಾಗಿಯೇ, ಅವರ ಮಾತನ್ನು ಹಿಂದಿಗೆ ಮಾಡಿ ಹೇಳಲೆಂದು, ನಾನು ಸಮಿತಿಗೆ ಸೇರಿದ್ದು.

ಸಮಿತಿಯ ಕತೆ ಹೇಳಬೇಕು. ಎಪ್ಪತ್ತನೇ ಇಸವಿಯ ಬೇಸಿಗೆಯಲ್ಲಿ ಮುಂಬಯಿಗೆ ಹತ್ತಿರದ ಮಗ್ಗಗಳ ಊರಿನಲ್ಲಿ ಹಿಂದೂ ಮುಸಲ್ಮಾನರ ಗಲಭೆಯಾಗಿತ್ತು. ರಹೀಮ್ ಚಾಚಾನ ಮಗ ಯೂಸುಫ್, ತುಂಬು ಬಸುರಿ ಅಕ್ಕನನ್ನು ಹೆರಿಗೆಗೆ ಕರೆದು ತರಲು ಆ ಊರಿಗೆ ಹೋಗಿದ್ದ. ಅಕ್ಕ ಬಂದಳು, ಅವನು ಬರಲಿಲ್ಲ. ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ನಮ್ಮ ಮನೆಗೆ ಪಾವ್ ತಂದು ಕೊಡುತ್ತಿದ್ದ ಹುಡುಗ. ಬೆಲ್ ಒತ್ತದೆ ಬಾಗಿಲ ಹೊರಗಿನಿಂದಲೇ ಏನೋ ಒಂದು ಹಾಡು ಗುನುಗುತ್ತಿದ್ದ. ಸುದ್ದಿ ಬಂದಾಗ ಬೀದಿಗೆ ಬೀದಿಯೇ ಬೇಕರಿಯ ಮುಂದೆ ನಿಂತಿತ್ತು. ಆದರೆ ಯಾರ ಬಾಯಿಂದಲೂ ಆದದ್ದು ಏನೆಂದು ಬರಲಿಲ್ಲ. ಹೋಗಿಬಿಟ್ಟ ಎಂದರು, ಬಹಳ ಕೆಟ್ಟದ್ದಾಯಿತು ಎಂದರು, ದೇವರ ಇಚ್ಛೆ ಎಂದರು. ನಾನೂ ಅಷ್ಟೇ ಹೇಳಿ ಬಂದೆ. ಜ್ವರ ಬಂದು ಸತ್ತವನಿಗೆ ಹೇಳುವ ಮಾತುಗಳನ್ನೇ ಕೊಲೆಯಾದವನಿಗೂ ಹೇಳಿದೆವು.

ಆ ಮಳೆಗಾಲ ಮುಗಿದ ಮೇಲೆ ಮುನಿಸಿಪಲ್ ಶಾಲೆಯ ಪವಾರ್ ಮಾಸ್ತರರು ಸಮಿತಿ ಕಟ್ಟಿದರು. ಒಳ್ಳೆಯ ಮನುಷ್ಯ. ಖಾದಿಯ ಅಂಗಿ, ಕಂಕುಳಲ್ಲಿ ಕೊಡೆ, ಯಾರನ್ನು ಕಂಡರೂ ಮೊದಲು ತಾವೇ ನಮಸ್ಕಾರ ಹೇಳುವವರು. ಆ ಊರಿನ ಗಲಭೆ ನಮ್ಮಲ್ಲಿಗೆ ಬರಕೂಡದು ಎಂಬುದೊಂದೇ ಅವರ ಹಟ. ಪ್ರತಿ ಭಾನುವಾರ ಸಂಜೆ ಶಾಲೆಯ ವೆರಾಂಡಾದಲ್ಲಿ ಜಮಖಾನ ಹಾಸಿ ಸಭೆ. ಚಾಳಿನವರು, ವಾಡಿಯವರು, ಇಗರ್ಜಿಯ ಕಡೆಯ ಇಬ್ಬರು ಮೂವರು, ಸೊಸೈಟಿಯಿಂದ ನಾನು ಮತ್ತು ಒಬ್ಬ ಗುಜರಾತಿ ಹೆಂಗಸು, ಕ್ವಾರಿಯಿಂದ ಮೇಸ್ತ್ರಿ ಹಣಮಂತಪ್ಪ. ಯಾವ ಗಾಳಿಸುದ್ದಿ ಕಿವಿಗೆ ಬಿದ್ದರೂ ಇನ್ನೊಬ್ಬರಿಗೆ ಹೇಳುವ ಮೊದಲು ಮಾಸ್ತರರಿಗೆ ಹೇಳಬೇಕು, ಹಬ್ಬದ ಮೆರವಣಿಗೆ ಯಾವ ಗಲ್ಲಿಯಿಂದ ಹೋಗಬೇಕೆಂದು ಮೊದಲೇ ಎಲ್ಲರೂ ಕೂತು ಒಪ್ಪಿಕೊಳ್ಳಬೇಕು. ಇಂಥ ಮಾತುಗಳು ನಡೆಯುತ್ತಿದ್ದವು. ಸಭೆ ಶುರುವಾಗುವ ಮುನ್ನ ಎದ್ದು ನಿಂತು ಮೌನ. ಯಾರಿಗಾಗಿ ಎಂದು ಕೇಳಿದರೆ, ಇತ್ತೀಚಿನ ಅಹಿತಕರ ಘಟನೆಗಳಲ್ಲಿ ಅಗಲಿದವರಿಗೆ. ಯೂಸುಫ್ ಎಂಬ ಹೆಸರು ಆ ವೆರಾಂಡಾದಲ್ಲಿ ನಾನು ಕೇಳಲಿಲ್ಲ. ಹೆಸರು ಹೇಳಿದರೆ ಗಾಯ ಕೆದಕಿದಂತಾಗುತ್ತದೆ ಎಂಬುದು ಮಾಸ್ತರರ ನಂಬಿಕೆ. ರಹೀಮ್ ಚಾಚಾ ಮಾತ್ರ ಎಷ್ಟು ಕರೆದರೂ ಸಭೆಗೆ ಬರುತ್ತಿರಲಿಲ್ಲ.

ಅವರನ್ನು ಕರೆತಂದವನು ಹಣಮಂತಪ್ಪ. ಚಾಚಾ ಕಲಬುರ್ಗಿ ಕಡೆಯವರು, ಅವನೊಂದಿಗೆ ಕನ್ನಡವೇ ಆಡುತ್ತಿದ್ದರು. ಅವನು ಅವರನ್ನು ಕಾಕಾ ಎನ್ನುತ್ತಿದ್ದ. ಸಂಜೆ ಕೆಲಸ ಬಿಟ್ಟವನು ಮೈಯೆಲ್ಲ ಕಲ್ಲುಪುಡಿಯಾಗಿಯೇ ಹೋಗಿ ಬೇಕರಿಯ ಬಾಗಿಲಲ್ಲಿ ಕೂರುತ್ತಿದ್ದ. ಬಹಳ ಮಾತೇನೂ ಇರುತ್ತಿರಲಿಲ್ಲವಂತೆ. ಹೀಗೆ ಕೂತು ಕೂತು ಚಳಿಗಾಲ ಕಳೆಯುವ ಹೊತ್ತಿಗೆ ಅವನ ತಲೆಯಲ್ಲಿ ಒಂದು ಆಲೋಚನೆ ಹುಟ್ಟಿತು. ಮೊಹರಂ ಬರುತ್ತಿತ್ತು.

ಮೈಸೂರಿನವಳಾದ ನನಗೆ ಮೊಹರಂ ಎಂದರೆ ಸ್ಕೂಲಿಗೆ ರಜೆ, ಅಷ್ಟೇ. ಹಣಮಂತಪ್ಪನಿಗೆ ಅದು ವರ್ಷದ ದೊಡ್ಡ ಹಬ್ಬ. "ನಮ್ಮೂರಾಗ ಒಂದೂ ಸಾಬರ ಮನಿ ಇಲ್ರಿ ಅಕ್ಕಾರ. ಆದರ ಮೊಹರಂ ಬಿಟ್ಟಿಲ್ಲ ನಾವು," ಎಂದಿದ್ದ. ದೇವರು ಹೊರುವವರು ಅವನ ಮನೆತನದವರೇ ಅಂತೆ. ಗುಂಡಿ ತೋಡಿ ಬೆಂಕಿ ಹಾಕುತ್ತಾರೆ, ಅದನ್ನು ಅಲಾಯಿ ಎನ್ನುತ್ತಾರೆ. ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುತ್ತಾರೆ. ಪದಗಳೆಲ್ಲ ಕನ್ನಡದವೇ, ಹಿಂದೆಂದೋ ಯುದ್ಧದ ಮೈದಾನದಲ್ಲಿ ನೀರಿಲ್ಲದೆ ಸತ್ತ ಮಕ್ಕಳ, ಕೊಲೆಯಾದ ಅಣ್ಣತಮ್ಮಂದಿರ ಶೋಕ. ಹಬ್ಬದ ಕೊನೆಯ ದಿನದ ಹಿಂದಿನ ರಾತ್ರಿಗೆ ಅವರು ಹೇಳುವುದು ಕತ್ತಲ ರಾತ್ರಿ ಎಂದು. ಆ ರಾತ್ರಿ ಊರಲ್ಲಿ ಯಾರೂ ಮಲಗುವುದಿಲ್ಲ. ಅದನ್ನು ಈ ಸಲ ಕ್ವಾರಿಯ ಮೈದಾನದಲ್ಲಿ ಮಾಡೋಣ, ಯೂಸುಫನ ಹೆಸರು ಹಾಕಿ ಒಂದು ಪದ ಕಟ್ಟಿದ್ದೇನೆ, ಅವರಪ್ಪನ ಮುಂದೆ ಹಾಡುತ್ತೇನೆ ಎಂದು ಅವನ ಆಸೆ.

ಚಾಚಾ ಮೊದಲು ಒಪ್ಪಲಿಲ್ಲ. ಊರಿನಲ್ಲಿ ತಾವೂ ಹುಡುಗರಾಗಿದ್ದಾಗ ಅಲಾಯಿ ಸುತ್ತ ಕುಣಿದವರೇ. ಆದರೆ ಇಲ್ಲಿಯ ಮೌಲ್ವಿಗಳಿಗೆ ಇದೆಲ್ಲ ಸೇರುವುದಿಲ್ಲ ಎಂದರು. ಆದರೆ ಹಣಮಂತಪ್ಪ ಹಿಡಿದ ಪಟ್ಟು ಬಿಡುವವನಲ್ಲ. ಆ ಭಾನುವಾರ ಅವರ ಕೈ ಹಿಡಿದೇ ವೆರಾಂಡಾಕ್ಕೆ ಕರೆತಂದ. ಎಲ್ಲರೂ ಸರಿದು ಜಾಗ ಮಾಡಿಕೊಟ್ಟರು. ಚಾಚಾ ಗೋಡೆಗೆ ಒರಗಿ ಕೂತು ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು.

ಹಣಮಂತಪ್ಪ ತನ್ನ ಭಾಷೆಯಲ್ಲಿ ಹೇಳಿದ್ದನ್ನು ನಾನು ಹಿಂದಿಗೆ ಮಾಡಿ ಹೇಳುತ್ತ ಹೋದೆ. ಕತ್ತಲ ರಾತ್ರಿ ಎಂಬಲ್ಲಿ ನನಗೇನೂ ತೊಡಕೆನಿಸಲಿಲ್ಲ. ಕತ್ತಲು ಗೊತ್ತು, ರಾತ್ರಿ ಗೊತ್ತು, ಕತ್ತಲಿನ ರಾತ್ರಿ ಎಂದು ಅರ್ಥ ಹೇಳಿದೆ. ಹಣಮಂತಪ್ಪನೂ ತಲೆಯಾಡಿಸಿದ. ಹುಟ್ಟಿದಾಗಿನಿಂದ ಅವನೂ ಅದನ್ನು ಹಾಗೆಯೇ ತಿಳಿದಿದ್ದ, ಅವರಪ್ಪನೂ ಹಾಗೆಯೇ ತಿಳಿದಿದ್ದಿರಬೇಕು. ಮಾಸ್ತರರು ಒಳ್ಳೆಯ ಹೆಸರು ಎಂದು ಮೆಚ್ಚಿ, ಕತ್ತಲಿನಿಂದ ಬೆಳಕಿನ ಕಡೆಗೆ ಎಂದು ಏನೋ ಹೇಳಲು ಹೊರಟರು.

ಆಗ ಚಾಚಾ ಬಾಯಿ ತೆರೆದರು. ಮಗ ಹೋದ ಮೇಲೆ ಹತ್ತು ಜನರ ನಡುವೆ ಅವರು ಆಡಿದ ಮೊದಲ ಮಾತು ಅದು. ಕನ್ನಡದಲ್ಲೇ ಆಡಿದರು.

"ಕತ್ತಲ ಅಲ್ಲೋ ಹಣಮಂತಾ, ಕತಲ್. ಕತಲ್ ಅಂದ್ರ ಕೊಲಿ. ಕೊಲಿ ಆದ ರಾತ್ರಿ ಅದು. ನಿಮ್ಮ ಮಂದಿ ಬಾಯಾಗ ಕತ್ತಲ ಆಗೈತಿ."

ಮತ್ತೆ ಹೇಳಿದರು. "ನನ್ನ ಮಗಂದೂ ಕತಲ್ ಆತು. ಕತ್ತಲಾಗಿಲ್ಲ."

ಮಾಸ್ತರರು ನನ್ನ ಮುಖ ನೋಡಿದರು. ಅದನ್ನೂ ಹಿಂದಿಗೆ ಮಾಡಿ ಹೇಳಿದೆ. ಗುಜರಾತಿ ಹೆಂಗಸು ಅಳತೊಡಗಿದಳು. ಹಣಮಂತಪ್ಪ ಎರಡೂ ಕೈ ಮುಗಿದು, ಇನ್ನ ಮ್ಯಾಲೆ ಸರಿಯಾಗೇ ಅಂತೀನಿ ಕಾಕಾ, ಎಂದ. ಆ ದಿನ ಚಾಚಾ ಚಹಾ ಕುಡಿದೇ ಹೋದರು, ಹೋಗುವಾಗ ಮಾಸ್ತರರ ಕೈ ಹಿಡಿದುಕೊಂಡು, ಬರುತ್ತೇನೆ, ನನ್ನ ಮಗನ ಪದ ಕೇಳಲು ಬರುತ್ತೇನೆ ಎಂದರು. ನಮಗೆಲ್ಲ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮನೆಗೆ ಬಂದು ಇವರಿಗೆ ಅದನ್ನೇ ಎರಡು ಸಲ ಹೇಳಿದೆ.

ಹಣಮಂತಪ್ಪ ಕೊಟ್ಟ ಮಾತು ಉಳಿಸಿಕೊಂಡ. ಎಲ್ಲ ಕೆಟ್ಟದ್ದು ಅದರಿಂದಲೇ. ಹಬ್ಬಕ್ಕೆ ವಾರವಿದ್ದಾಗ ಕೆಲಸ ಮುಗಿಸಿ ಚಾಳು ಚಾಳಿಗೆ ಹೋಗಿ ಕರೆಯತೊಡಗಿದ. ಅವನ ಹಿಂದಿ ಕೇಳಿದರೆ ದೇವರೇ ಗತಿ. ಕತಲ್ ಕೀ ರಾತ್ ಹೈ, ಮೈದಾನ್ ಮೇಂ ಆನಾ, ಎಲ್ಲರೂ ಬರಬೇಕು. ಇಷ್ಟೇ ಅವನ ಆಮಂತ್ರಣ. ಮೊದಲಿನಂತೆ ಕತ್ತಲು ಎಂದೇ ಅಂದಿದ್ದರೆ ಮರಾಠಿಗರು ಏನೋ ಭಜನೆ ಎಂದುಕೊಂಡು ಬಂದು ಕೂರುತ್ತಿದ್ದರೋ ಏನೋ. ಅವನು ಪ್ರತಿ ಬಾಗಿಲಲ್ಲೂ ಆ ಶಬ್ದವನ್ನು ಒತ್ತಿ ಒತ್ತಿ ಹೇಳಿದ, ತಪ್ಪಾಗಬಾರದೆಂದು. ವಾಡಿಯಲ್ಲಿ ಅದು ಯಾವ ರಾತ್ರಿ ಎಂದು ಗೊತ್ತಿತ್ತು. ಚಾಳುಗಳಲ್ಲಿ ಅವರಿಗೆ ಕೇಳಿಸಿದ್ದು ಕೊಲೆ ಎಂಬುದೊಂದೇ.

ಅದು ಚುನಾವಣೆಯ ಸಮಯ. ಬೆಳಗಿನಿಂದ ಸಂಜೆಯವರೆಗೆ ಲಾರಿಗಳ ಮೇಲೆ ಲೌಡ್‌ಸ್ಪೀಕರು, ಗೋಡೆಗಳ ಮೇಲೆ ಬಣ್ಣ. ಸೆಕೆ ಬೇರೆ ಆ ವರ್ಷ ಬೇಗ ಬಂದಿತ್ತು. ಜನ ಮೊದಲೇ ಕಾದ ಕಾವಲಿಯಂತಿದ್ದರು. ಅಷ್ಟರಲ್ಲಿ ಹಣಮಂತಪ್ಪನ ಕಡೆಯವರು ಹಾರೆ ತಂದು ಅಲಾಯಿ ಗುಂಡಿ ತೋಡಲು ಶುರುಮಾಡಿದರು. ಊರ ಬಾಯಿಗೆ ಇನ್ನೇನು ಬೇಕು? ಕ್ವಾರಿಯವರು ಗುಂಡಿ ತೋಡಿದ್ದಾರಂತೆ, ಸಿಡಿಮದ್ದು ಕೂಡಿಟ್ಟಿದ್ದಾರಂತೆ, ರಾತ್ರಿ ಕತಲ್ ಅಂತೆ. ಸುದ್ದಿ ಮಾಸ್ತರರ ಮನೆಯನ್ನು ಬಿಟ್ಟು ಬೇರೆ ಎಲ್ಲ ಮನೆಗಳನ್ನೂ ಮುಟ್ಟಿತು. ನಮ್ಮ ಸೊಸೈಟಿಯಲ್ಲಿ ಇಬ್ಬರು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ದಾದರಿನ ತವರಿಗೆ ಹೋದರು. ನಾನು ಬಾಗಿಲು ಬಾಗಿಲಿಗೆ ಹೋಗಿ ಹಾಗಲ್ಲ, ಅದೊಂದು ಹಬ್ಬ ಎಂದು ಹೇಳಿದೆ. ಪಕ್ಕದ ಮನೆಯಾಕೆ ಬಾಗಿಲು ಅರ್ಧ ತೆರೆದು, ಹಬ್ಬಕ್ಕೆ ಯಾರಾದರೂ ಕೊಲೆ ಅಂತ ಹೆಸರಿಡ್ತಾರಾ ಎಂದು ಕೇಳಿದಳು.

ಹಬ್ಬದ ಮಧ್ಯಾಹ್ನ ಪೊಲೀಸ್ ವ್ಯಾನು ಬಂತು. ಹಣಮಂತಪ್ಪನನ್ನೂ ಅವನೊಂದಿಗೆ ಹಾಡುವವರನ್ನೂ ಠಾಣೆಗೆ ಕರೆದೊಯ್ದರು. ಹೊಡೆಯಲಿಲ್ಲ, ಬೈಯಲಿಲ್ಲ. ಇನ್ಸ್‌ಪೆಕ್ಟರು ಸಂಭಾವಿತ ಮನುಷ್ಯ. ಗುಂಡಿ ಮುಚ್ಚಿಸಿ, ಬೆಳಗಾದ ಮೇಲೆ ಬಿಡುತ್ತೇನೆ, ಚುನಾವಣೆಯ ಕಾಲದಲ್ಲಿ ಬೇರೆ ದಾರಿಯಿಲ್ಲ ಎಂದು ಮಾಸ್ತರರಿಗೆ ತಿಳಿಹೇಳಿದರಂತೆ. ಮಾಸ್ತರರು ಒಪ್ಪಿ ಬಂದರು. ಸಂಜೆ ನಾನು ಬೇಕರಿಯ ಮುಂದೆ ಹಾದುಹೋದಾಗ ಚಾಚಾ ಒಗೆದ ಬಿಳಿ ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು, ಮೊಮ್ಮಗು ಅವರ ತೊಡೆಯ ಮೇಲಿತ್ತು. ನಡೆದದ್ದು ಅವರಿಗೆ ಆಗಲೇ ತಿಳಿದಿತ್ತು. ಕೂತ್ಕೋ ಬೇಟಿ ಎಂದರು. ಕೂತೆ. ಮಗುವಿನ ಕಾಲು ಸವರುತ್ತ ಕೂತೆ.

ಮರುದಿನ ಹಣಮಂತಪ್ಪ ಠಾಣೆಯಿಂದ ನೇರ ಅಲ್ಲಿಗೇ ಬಂದು ಕಾಲು ಹಿಡಿದನಂತೆ, ನನ್ನ ಬಾಯಿಂದ ಎಲ್ಲಾ ಹಾಳಾತು ಎಂದು. ಚಾಚಾ ಅವನನ್ನು ಎಬ್ಬಿಸಿದರಂತೆ. ನೀ ಸರಿಯಾಗೇ ಅಂದಿ, ತಿದ್ದಿದಾಂವ ನಾನು, ನಾ ಸುಮ್ಮನಿರಬೇಕಿತ್ತು ಎಂದರಂತೆ. ಈ ಮಾತು ಹೇಳುವಾಗ ಹಣಮಂತಪ್ಪ ನನ್ನ ಮುಂದೆ ಅತ್ತ. ಹಾಡಿನ್ನೂ ನನ್ನ ಗಂಟಲಾಗ ಐತ್ರಿ ಅಕ್ಕಾರ ಎಂದ. ಕಾಕಾನ ಮುಂದೆ ಒಬ್ಬನೇ ಹಾಡಿಬಿಡು ಎಂದೆ. ಒಬ್ಬ ಹಾಡೂ ಪದ ಅಲ್ರಿ ಅದು, ಎಂದ. ಮೂರು ದಿನಕ್ಕೆ ಹೋಳಿ ಬಂತು. ಅದೇ ಮೈದಾನದಲ್ಲಿ ಬೆಂಕಿ ಹಚ್ಚಿದರು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಮುಂದೆ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷ ನಮ್ಮ ಕಡೆ ಒಂದು ಕಲ್ಲೂ ಬೀಳಲಿಲ್ಲ. ಸಮಿತಿಯಿಂದಲೇ ಎಂದು ಮಾಸ್ತರರು ಸಾಯುವವರೆಗೂ ನಂಬಿದ್ದರು, ನಾನೂ ಅಲ್ಲವೆನ್ನಲಾರೆ. ಆ ಭಾನುವಾರಗಳು ಇಲ್ಲದಿದ್ದರೆ ಏನೇನಾಗುತ್ತಿತ್ತೋ. ಮಳೆಗಾಲದ ಹೊತ್ತಿಗೆ ಚಾಚಾ ಬೇಕರಿ ಬೇರೆಯವರಿಗೆ ಕೊಟ್ಟು, ಮಗಳು ಮೊಮ್ಮಗುವಿನೊಂದಿಗೆ ಕಲಬುರ್ಗಿಗೆ ಹೊರಟುಹೋದರು. ಹಣಮಂತಪ್ಪ ಕ್ವಾರಿ ಮುಚ್ಚುವವರೆಗೂ ಇದ್ದ. ಬಹಳ ವರ್ಷಗಳ ಮೇಲೆ ಒಮ್ಮೆ ದಾದರ್ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಸಿಕ್ಕಿದ, ಮುದುಕನಾಗಿದ್ದ. ಆರಾಮದೀರಿ ಅಕ್ಕಾರ ಎಂದು ಕೇಳಿದ. ಆ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದೆಲ್ಲ ಕಾಲ ಕಳೆದಂತೆ ಮಾಸಿಹೋಗುವಂಥದ್ದೇ. ಮಾಸದೆ ಉಳಿದದ್ದು ಆ ವರ್ಷದ ಏಪ್ರಿಲ್ಲಿನ ಒಂದು ಸಂಜೆ.

ಹೋಳಿ ಮುಗಿದು, ಚುನಾವಣೆ ಮುಗಿದು, ಎಲ್ಲ ತಣ್ಣಗಾದ ಮೇಲೆ ಮಾಸ್ತರರಿಗೆ ಆ ನಿಂತುಹೋದ ರಾತ್ರಿಯ ಸಭೆಯನ್ನು ಹೇಗಾದರೂ ಮಾಡಲೇಬೇಕೆನಿಸಿತು. ಚಾಚಾನ ಋಣ ಉಳಿಯಿತು ಎಂಬ ಸಂಕಟ ಅವರಿಗೂ ಇತ್ತು. ಈ ಸಲ ಗುಂಡಿಯಿಲ್ಲ, ಬೆಂಕಿಯಿಲ್ಲ, ಪದವಿಲ್ಲ. ಶಾಲೆಯ ಅಂಗಳದಲ್ಲಿ ಪೆಂಡಾಲು, ಮೈಕು, ಸದ್ಭಾವನಾ ಸಮ್ಮೇಳನ ಎಂಬ ಬ್ಯಾನರು. ಮುಖ್ಯ ಅತಿಥಿಯಾಗಿ ಬಾಂದ್ರಾ ಕಡೆಯ ಒಬ್ಬ ಪುಢಾರಿ. ಮಾಸ್ತರರು ನನ್ನನ್ನೂ ಕರೆದುಕೊಂಡು ಚಾಚಾನ ಮನೆಗೆ ಹೋಗಿ, ನೀವು ಮಗನ ಬಗ್ಗೆ ಎರಡು ಮಾತಾಡಬೇಕು ಎಂದು ಕೇಳಿಕೊಂಡರು. ಏಳುವಾಗ ತಲೆ ತಗ್ಗಿಸಿ ಬಹಳ ಮೆತ್ತಗೆ, ಆ ಒಂದು ಶಬ್ದ ಮಾತ್ರ ಬೇಡ, ಜನ ಇನ್ನೂ ಹೆದರಿದ್ದಾರೆ ಎಂದರು. ಚಾಚಾ ಆಗಲಿ ಎಂದರು.

ಜನ ತುಂಬಿದ್ದರು. ಆರು ತಿಂಗಳ ಹಿಂದೆ ಬಂದು ಸೇರಿದವರು, ಯೂಸುಫ್ ಯಾರೆಂದೇ ತಿಳಿಯದವರು ಬಹಳ. ನಾನೂ ಹಣಮಂತಪ್ಪನೂ ಎರಡನೇ ಸಾಲಿನಲ್ಲಿ ಕೂತಿದ್ದೆವು. ಭಾಷಣಗಳಾದವು, ಹಾರಗಳಾದವು. ಚಾಚಾನನ್ನು ಕರೆದರು. ಅವರು ಮೈಕಿನ ಮುಂದೆ ನಿಂತರು. ಯಾವ ಮಾತು ಬಿಡಬೇಕೆಂದು ಹೇಳಿದ್ದರೋ ಅದನ್ನು ಬಿಟ್ಟು ಉಳಿದ ಮಾತು ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಕೊನೆಗೆ ಹಿಂದಿಯಲ್ಲಿ ಹೇಳಿದರು.

"ಮೇರಾ ಯೂಸುಫ್ ಅಂಧೇರೇ ಮೇಂ ಗಯಾ."

ನನ್ನ ಮಗ ಕತ್ತಲಲ್ಲಿ ಹೋದ. ಅಷ್ಟೇ. ಕೈ ಮುಗಿದು ಇಳಿದು ಬಂದು ನಮ್ಮ ಪಕ್ಕದಲ್ಲಿ ಕೂತರು. ಹಣಮಂತಪ್ಪ ಅವರ ಮುಖವನ್ನೇ ನೋಡುತ್ತಿದ್ದ. ತನ್ನ ಊರಿನ ಆ ಹಳೆಯ ತಪ್ಪು ಮಾತನ್ನೇ ಕಾಕಾ ಆಡಿದ್ದಾರೆ ಎಂದು ಅವನಿಗೆ ಅರ್ಥವಾಗಿತ್ತು.

ಮುಖ್ಯ ಅತಿಥಿ ಎದ್ದರು. ಒರಟ ಮನುಷ್ಯನೇನಲ್ಲ. ಈ ತಂದೆಯ ದುಃಖ ನನ್ನ ದುಃಖ ಎಂದರು. ಮೈಕು ಗೊರಗೊರ ಎನ್ನುತ್ತಿತ್ತು, ಅವರಿಗೆ ಕೇಳಿಸಿದ್ದು ಅಂಧೇರಿ ಎಂದು. ಅಂಧೇರಿ ಸ್ಟೇಷನ್ನಿನಲ್ಲಿ ಹಳಿ ದಾಟುವಾಗ ಎಷ್ಟು ತಾಯಂದಿರ ಮಕ್ಕಳು ಹೀಗೆ ಬಲಿಯಾಗಬೇಕು, ಹಿಂದೂ ಆಗಲಿ ಮುಸಲ್ಮಾನನಾಗಲಿ ಲೋಕಲ್ ಗಾಡಿಗೆ ಭೇದವಿದೆಯೇ ಎಂದು ಕೇಳಿದರು. ನಾಳೆಯೇ ರೈಲ್ವೆಯವರಿಗೆ ಹೇಳಿ ಅಲ್ಲಿ ಇನ್ನೊಂದು ಬ್ರಿಜ್ ಕಟ್ಟಿಸುತ್ತೇನೆ, ಯೂಸುಫನ ಆತ್ಮಕ್ಕೆ ಅದೇ ಶಾಂತಿ ಎಂದರು.

ಮಾಸ್ತರರು ವೇದಿಕೆಯ ಮೇಲೆ ಅರ್ಧ ಎದ್ದು ಮತ್ತೆ ಕೂತರು. ಹಣಮಂತಪ್ಪ ಎದ್ದೇಬಿಟ್ಟ. ಬಾಯಿ ತೆರೆದಿದ್ದ. ಚಾಚಾ ಅವನ ಅಂಗಿಯ ತುದಿ ಹಿಡಿದೆಳೆದು, "ಕೂಡೋ ಹಣಮಂತಾ. ಪಾಪ, ಬ್ರಿಜ್ಜರ ಆಗಲಿ," ಎಂದರು.

ಜನ ಚಪ್ಪಾಳೆ ತಟ್ಟಿದರು. ನಮ್ಮ ಸಾಲಿನಲ್ಲಿ ತಟ್ಟಿದವರು ಚಾಚಾ ಒಬ್ಬರೇ.